ಬಾಕಿ

ಹಬ್ಬುವಾಡದ ಸಭಾಭವನದಲ್ಲಿ ನಾಣ್ಯ ಪ್ರದರ್ಶನ,
ಟಿಕೀಟು ಹತ್ತು ರೂಪಾಯಿ. ನೂರು ಕೊಟ್ಟೆ.
ಬಾಗಿಲ ಹುಡುಗ ‘ಚಿಲ್ಲರೆ ಇಲ್ಲ ಅಜ್ಜಾ’ ಅಂದು
ಟಿಕೀಟಿನ ಬೆನ್ನಿಗೆ 90 ಬರೆದ.
ನಗು ಬಂತು. ಇಪ್ಪತ್ತೊಂಬತ್ತು ವರ್ಷ
ಅಂಕೋಲಾ ಬಸ್ಸಿನಲ್ಲಿ ಇದನ್ನೇ ಬರೆದವನು ನಾನು.

ಗಾಜಿನೊಳಗೆ ವರಾಹ, ಪೋರ್ಚುಗೀಸರ ತಾಂಗಾ;
ಜನ ಉಸಿರು ಬಿಗಿಹಿಡಿದು ಬಗ್ಗಿದ್ದಾರೆ.
ನನ್ನದು ಕಟ್ಟಕಡೆಯ ಮೇಜು:
ಹುಬ್ಬಳ್ಳಿಯ ದಸ್ತಗೀರಸಾಬರ ಸ್ಟೀಲಿನ ಬೋಗುಣಿ,
‘ಯಾವ್ದರ ತಗೋರಿ, ಹದಿನೈದು ರೂಪಾಯಿ.’
ಕೈ ಇಳಿಸಿದರೆ ನನ್ನ ಹಳೆಯ ಚೀಲದ್ದೇ ಸದ್ದು.
ಕನ್ನಡಕ ಬೇಡ, ಹೆಬ್ಬೆರಳೇ ಓದುತ್ತದೆ:
ಅಲೆಯಂಚಿನ ಹತ್ತು ಪೈಸೆ, ಎಂಟಾಣೆ,
ಇಗೋ, ಘೇಂಡಾಮೃಗದ ಪಾವಲಿ.

ತೊಂಬತ್ತೈದೋ ಆರೋ, ಇಸವಿ ನನ್ನಲ್ಲೂ ಸವೆದಿದೆ.
ಬೆಳಚಿನ ಬುಟ್ಟಿ ಹೊತ್ತ ಶೇವಂತಿ
ಬಿಣಗಾ ದಾಟಿ ಮಾವಿನಮರದ ಸ್ಟಾಪಿನಲ್ಲಿ ಇಳಿದಳು.
ಬುಟ್ಟಿಯ ನೀರು ನನ್ನ ಖಾಕಿಯ ಮೇಲೆ,
ಅವಳ ನಾಲ್ಕಾಣೆ ನನ್ನ ಚೀಲದಲ್ಲಿ.
ಅವಳು ಕೇಳಲು ಮರೆತಳೋ,
ನಾನೇ ಸೀಟಿ ಬೇಗ ಊದಿದೆನೋ.
ಆಮೇಲೆ ಅಲ್ಲಿ ಯುದ್ಧನೌಕೆಗಳ ಬೇಲಿ ಬಂತು.
ಆ ಮರ, ಆ ಸ್ಟಾಪು, ಪಾವಲಿ
ಒಂದೊಂದಾಗಿ ಚಲಾವಣೆಯಿಂದ ಹೋದವು.

‘ಇಸವಿ ನೋಡ್ರಿ, ಟಂಕಸಾಲೆ ಗುರ್ತು ನೋಡ್ರಿ,’
ಭೂತಗನ್ನಡಿ ಚಾಚುತ್ತಾರೆ ಸಾಬರು.
ನನ್ನ ಆಲ್ಬಮಿನಲ್ಲಿ ಇಸವಿ ಇಲ್ಲ.
ಒಂದೊಂದು ಕಿಸೆಯ ಕೆಳಗೆ ಸಣ್ಣಕ್ಷರ:
‘ಅವರ್ಸಾ. ನೀಲಿ ಕೊಡೆ. ಐವತ್ತು ಪೈಸೆ.’
‘ಹಾರವಾಡ. ಕೆಮ್ಮುವ ಮಾಸ್ತರು. ಒಂದು ರೂಪಾಯಿ.’
‘ಅಮದಳ್ಳಿ. ಜಗಳ ಮಾಡಿ ಇಳಿದವಳು. ಸರಿ ಅವಳದೇ.’
ಹನ್ನೊಂದು ಕಿಸೆ ಖಾಲಿ ಇದ್ದವು.
ಇವತ್ತಿಗೆ ಹತ್ತು.

ಹೊರಡುವಾಗ ಹುಡುಗ ಓಡಿಬಂದು ತೊಂಬತ್ತು ಎಣಿಸಿದ,
ಗೀಟು ಎಳೆಯಲು ಟಿಕೀಟು ಕೇಳಿದ.
ಕೊಡಲಿಲ್ಲ.
ಅಂಗಿಯ ಕಿಸೆಯಲ್ಲಿ ಅದು ಮಡಚಿ ಕೂತಿದೆ,
ಪಕ್ಕದಲ್ಲಿ ಹದಿನೈದು ರೂಪಾಯಿಯ ನಾಲ್ಕಾಣೆ.