ಒಂಬತ್ತರ ಲೆಕ್ಕ

ದೀಪ ಹಿಡಿಯುವುದು ನನ್ನ ಕೆಲಸ.
ಎಲ್ಲಿ ಹಿಡಿದರೂ ತಪ್ಪು.
"ಅಲ್ಲಲ್ಲ, ಇತ್ತ" ಎಂದು ಅಪ್ಪ,
"ಕಣ್ಣಿಗೆ ಬಿಡಬೇಡ" ಎಂದು ಅನ್ಸೆಲ್ಮೊ ಚಿಕ್ಕಪ್ಪ.
ಇಬ್ಬರೂ ಹೇಳಿದ್ದು ನನಗೇ.
ಅವರಿಬ್ಬರಲ್ಲಿ ಮಾತು ನಿಂತು
ಆಗಲೇ ಎರಡು ಚಳಿಗಾಲ.

ಬಾಹಿಯಾ ಬ್ಲಾಂಕಾದ ಗಾಳಿ
ಶೆಡ್ಡಿನ ತಗಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು.
ಒಳಗೆ ಅಜ್ಜನ ಸಿಯಾಮ್ ದಿ ತೆಲ್ಲಾ,
ಅರವತ್ತೆರಡರ ಮಾಡೆಲ್ಲು, ಒಂದು ಕಾಲದ ಟ್ಯಾಕ್ಸಿ,
ಹಲ್ಲಿನ ಡಾಕ್ಟರ ಮುಂದೆ ಕೂತ ಮುದುಕನ ಹಾಗೆ
ಬಾಯಿ ತೆರೆದು ನಿಂತಿತ್ತು.
ಉಯಿಲಿನಲ್ಲಿ ಬರೆದಿತ್ತು: ಇಬ್ಬರಿಗೂ.
ಕಾರನ್ನು ಹೋಳು ಮಾಡಲು ಬರುವುದಿಲ್ಲವಲ್ಲ,
ಶನಿವಾರ ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಿಲ್ಲ.
ಹಾಗಾಗಿ ಇಬ್ಬರೂ ಬರುತ್ತಿದ್ದರು.

ಎಂಟು ವಾಲ್ವು. ಲೆಕ್ಕ ಮಾತ್ರ ಒಂಬತ್ತರದು:
ಎಂಟನೆಯದು ಪೂರ್ತಿ ಅದುಮಿದಾಗ ಒಂದನೆಯದನ್ನು ಅಳೆ,
ಆರು ಅದುಮಿದಾಗ ಮೂರು,
ಎರಡು ಅದುಮಿದಾಗ ಏಳು.
ಒಂದು ಪೂರ್ತಿ ತಗ್ಗಿದಾಗಲೇ
ಅದರ ಜೋಡಿ ಪೂರ್ತಿ ಹಗುರ.

ಅಪ್ಪ ಬಂಪರಿನ ಮುಂದೆ ಮಂಡಿಯೂರಿ
ಹ್ಯಾಂಡಲ್ ತಿರುಗಿಸುವನು, ಇಷ್ಟಿಷ್ಟೇ.
"ಎಂಟು" ಅನ್ನುವನು ಚಿಕ್ಕಪ್ಪ, ಎಂಜಿನ್ನಿಗೆ.
"ಒಂದು" ಅನ್ನುವನು ಅಪ್ಪ, ಗೋಡೆಗೆ.
ಇಷ್ಟೇ ಸಂಭಾಷಣೆ.
ಕೂಡಿದರೆ ಪ್ರತಿ ಸಲವೂ
ಹತ್ತಕ್ಕೊಂದು ಕಡಿಮೆ.

ಮಾತಿರಲಿಲ್ಲ, ಮಾತೆ ಇತ್ತು:
ಸೋರೆಬುರುಡೆಯಲ್ಲಿ ಬಿಸಿಬಿಸಿ ಕಹಿಸೊಪ್ಪಿನ ರಸ,
ಇಬ್ಬರ ಬಾಯಿಗೂ ಒಂದೇ ಬೆಳ್ಳಿ ಕೊಳವೆ.
ನಡುವೆ ನಾನು, ಒಂದು ಕೈಯಲ್ಲಿ ದೀಪ,
ಇನ್ನೊಂದರಲ್ಲಿ ಬುರುಡೆ.
ನಮ್ಮಲ್ಲಿ "ಉಪಕಾರವಾಯಿತು" ಅಂದರೆ "ಇನ್ನು ಸಾಕು" ಎಂದರ್ಥ,
ಅಂದವರಿಗೆ ಮತ್ತೆ ಕೊಡುವುದಿಲ್ಲ.
ಥರ್ಮಾಸಿನ ತಳ ಕಂಡು, ಸೊಪ್ಪು ಸಪ್ಪೆಯಾಗಿ
ಬರೀ ನೀರು ಬಂದರೂ
ಇಬ್ಬರೂ ಅದನ್ನು ಅನ್ನಲಿಲ್ಲ.

ನಾಲ್ಕನೆಯದರಲ್ಲಿ ಸಿಕ್ಕಿಕೊಂಡಿತು.
ಚಿಕ್ಕಪ್ಪ ಅಳತೆಯ ಎಲೆ ತೂರಿಸಿದ, ಎಳೆದ,
ಲಾಕ್‌ನಟ್ ಬಿಗಿದ, ಬಿಚ್ಚಿದ, ಮತ್ತೆ ಬಿಗಿದ.
ಅಪ್ಪ ಎದ್ದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.
ಬಂದು ಆ ಎಲೆಯ ತುದಿ ಹಿಡಿದು ತಾನೂ ಎಳೆದು ನೋಡಿದ.

"ಬಿಗಿಯಾಯಿತು."
"ಸಡಿಲ ಬಿಟ್ಟರೆ ಸದ್ದು ಮಾಡುತ್ತೆ."
"ಮಾಡಲಿ. ಸದ್ದು ಮಾಡೋ ವಾಲ್ವು ಕೆಡಲ್ಲ ಅಂತಿದ್ದ ಮುದುಕ."
"ಸುಟ್ಟುಹೋಗೋದು ಸುಮ್ಮನಿರೋದು,
ಅಂತಲೂ ಅಂತಿದ್ದ."

ಇದರಲ್ಲಿ ಅಂಕಿಯೇ ಇಲ್ಲವಲ್ಲ
ಎಂದು ನನಗೆ ಹೊಳೆಯುವಷ್ಟರಲ್ಲಿ
ಅವರಿಗೂ ಹೊಳೆದಿರಬೇಕು.
ಮಾತಾಡಿದ್ದು ನಾನೇ ಎಂಬಂತೆ
ಇಬ್ಬರೂ ನನ್ನತ್ತ ತಿರುಗಿದರು.
ತಗಡು ಎರಡು ಸಲ ಬಡಿಯಿತು.

ಕಾರು ಆ ದಿನ ಹೊರಡಲಿಲ್ಲ,
ಪೆಟ್ರೋಲ್ ಪಂಪಿನ ಪೊರೆ ಹರಿದಿತ್ತು.
ಹೊಸದು ರೊಸಾರಿಯೊದಿಂದ ಬರಬೇಕು,
ಅಂದರೆ ಇನ್ನೂ ಮೂರು ಶನಿವಾರ.

"ಐದು" ಅಂದ ಚಿಕ್ಕಪ್ಪ, ಸ್ಪ್ಯಾನರ್ ಹುಡುಕುತ್ತ.
"ನಾಲ್ಕು" ಅಂದ ಅಪ್ಪ, ಕೊಡುತ್ತ.
ಆಮೇಲೆ ಇಬ್ಬರೂ ಒಟ್ಟಿಗೇ:
"ದೀಪ ಅಲ್ಲಾಡಿಸಬೇಡ್ವೇ!"