ಒಂದು ತಲೆ ಕಡಿಮೆ

ಜುಲೈ ತಿಂಗಳ ಶುಕ್ರವಾರ. ಬಂದರಿನಲ್ಲಿ ಮೂರು ಹಡಗು,
ಒಂದೊಂದೂ ಹೋಟೆಲುಗಳಿಗಿಂತ ಎತ್ತರ.
ಸಂಜೆ ಆರಕ್ಕೆ ಬಾಗಿಲು ತೆರೆದರೆ
ವಿಕ್ಟೋರಿಯಾ ತುಂಬಿ ತುಳುಕುತ್ತದೆ,
ನಡುರಾತ್ರಿಗೆ ಬರಿದಾಗುತ್ತದೆ.
ನಡುವಿನ ಹೊತ್ತು ನನ್ನದು.

ಹದಿನಾಲ್ಕನೇ ನಂಬರಿನ ಬಸ್ಸು.
ಹತ್ತುವಾಗಲೇ ಎಣಿಸುತ್ತೇನೆ: ನಲವತ್ತೇಳು.
ಕೊರಳಲ್ಲಿ ಹಡಗಿನ ಕಾರ್ಡು,
ಜೇಬಿನಲ್ಲಿ ಹಡಗಿನೂಟದಿಂದ ಕದ್ದ ಬಿಸ್ಕತ್ತು.
ಹತ್ತೊಂಬತ್ತು ಬೇಸಿಗೆಯಿಂದ ಮೈಕಿನಲ್ಲಿ ಅದೇ ಮಾತು:
"ಇಲ್ಲಿ ಒಂದು ಕಾಲಕ್ಕೆ ಸುಣ್ಣಕಲ್ಲು ತೆಗೆಯುತ್ತಿದ್ದರು.
ಕಲ್ಲು ಮುಗಿಯಿತು, ಗುಂಡಿ ಉಳಿಯಿತು.
ಗುಂಡಿಗೆ ಮಣ್ಣು ಹೊತ್ತು ಹಾಕಿ ಹೂ ನೆಟ್ಟರು.
ಒಂಬತ್ತೂವರೆಗೆ ಬಸ್ಸು ಹೊರಡುತ್ತದೆ, ನಾನು ಕಾಯುವುದಿಲ್ಲ."
ಎಲ್ಲರೂ ನಗುತ್ತಾರೆ.
ಕಾಯುವುದೇ ನನ್ನ ಕೆಲಸ.

ಅವರು ಒಳಗೆ ಹೋದ ಮೇಲೆ
ಗುರ್ಮೇಲನ ಫ್ಲಾಸ್ಕಿನಿಂದ ಸೋಂಪು ಹಾಕಿದ ಚಹಾ,
ಸಾಲುಗಟ್ಟಿ ನಿಂತ ಬಸ್ಸುಗಳ ಡೀಸೆಲ್ ವಾಸನೆ,
ಬೇಲಿಯಾಚೆಯಿಂದ ಗುಲಾಬಿಯದ್ದು, ಗಾಳಿಗೆ ಮನಸ್ಸಾದರೆ.
ನಾನು ಇನ್ನೂ ಒಳಗೆ ಹೋಗಿಲ್ಲ ಅಂದರೆ ಯಾರೂ ನಂಬುವುದಿಲ್ಲ.
ಡ್ರೈವರಿಗೆ ಟಿಕೇಟು ಬೇಡ; ಅದಕ್ಕೇ ಇರಬೇಕು.
ನಾಳೆ ನೋಡಿದರಾಯಿತು, ನಾಳೆ ನೋಡಿದರಾಯಿತು.

ಒಂಬತ್ತೂಕಾಲಿಗೆ ಬರತೊಡಗಿದರು.
"ಹೂ ಎಲ್ಲಿ ಕಂಡಿತು, ಬರೀ ಬೆನ್ನುಗಳು" ಅಂದಳೊಬ್ಬಳು.
"ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳುತ್ತಿರಲಿಲ್ಲ."
ನಲವತ್ತನಾಲ್ಕು, ನಲವತ್ತೈದು, ನಲವತ್ತಾರು.
ಮತ್ತೆ ಎಣಿಸಿದೆ. ನಲವತ್ತಾರು.
ಎರಡನೇ ಸಾಲಿನಲ್ಲಿ ಮಡಚಿಟ್ಟ ಮಳೆಕೋಟು ಒಂದೇ ಕೂತಿತ್ತು.
ಪಟ್ಟಿಯಲ್ಲಿ: ಎಮ್ಲಿನ್ ಪ್ರೋಸರ್, ಎಂಬತ್ತೊಂದು, ವೇಲ್ಸ್, ಒಬ್ಬರೇ.

ಬಸ್ಸನ್ನು ಗುರ್ಮೇಲನಿಗೆ ಒಪ್ಪಿಸಿ ಗೇಟು ದಾಟಿದೆ,
ಹುಡುಕಲಿಕ್ಕೆ, ನೋಡಲಿಕ್ಕಲ್ಲ.
ಜನ ಹೊರಗೆ ಹರಿಯುತ್ತಿದ್ದರು, ನಾನೊಬ್ಬಳೇ ಒಳಮುಖ.
ಬೆಗೋನಿಯ ಪಾತಿಯಲ್ಲಿ ಹುಡುಗಿಯೊಬ್ಬಳು ಬಕೀಟು ಇಟ್ಟುಕೊಂಡು
ಬಾಡಿದ್ದನ್ನೆಲ್ಲ ಚಿವುಟಿ ಹಾಕುತ್ತಿದ್ದಳು.
"ಒಬ್ಬರು ಮುದುಕರನ್ನು ಕಂಡೆಯಾ?"
"ಇವತ್ತು ಸಾವಿರ ಮುದುಕರನ್ನು ಕಂಡೆ" ಅಂದಳು, ಕೈ ನಿಲ್ಲಿಸದೆ.

ಮೆಟ್ಟಿಲ ತಲೆಯಲ್ಲಿ ಕಾಲು ನಿಂತಿತು.
ಕೆಳಗೆ ಆ ಗುಂಡಿ,
ನಾನು ದಿನಕ್ಕೆ ಮೂರು ಸಲ ಮೈಕಿನಲ್ಲಿ ತೋಡುವ ಗುಂಡಿ.
ಇಷ್ಟು ಆಳವೆಂದು
ನನ್ನ ಮಾತಿಗೇ ಗೊತ್ತಿರಲಿಲ್ಲ.

ಅವರು ಹೂವುಗಳಿಗೆ ಬೆನ್ನು ಹಾಕಿ ನಿಂತಿದ್ದರು,
ಬಳ್ಳಿ ಸರಿಸಿ, ಬಂಡೆಯ ಮೇಲೆ ಅಂಗೈ ಇಟ್ಟು,
ಗಬ್ಬದ ಹಸುವಿನ ಪಕ್ಕೆ ಸವರುವವರ ಹಾಗೆ.
"ನೋಡು, ಬೈರಿಗೆ ಇಳಿಸಿದ ತೂತು. ಮದ್ದು ತುಂಬುವುದಕ್ಕೆ.
ಓರೆ ನೋಡಿದರೆ, ಕೊರೆದವನು ಎಡಗೈಯವನು.
ನಾನು ಸ್ಲೇಟಿನ ಗಣಿಯಲ್ಲಿದ್ದೆ, ಮೂವತ್ತೊಂದು ವರ್ಷ.
ನಮ್ಮದು ಮುಚ್ಚಿದ ಮೇಲೆ ಯಾರೂ ಹೂ ನೆಡಲಿಲ್ಲ.
ನೀರು ತುಂಬಿತು. ಹುಡುಗರು ಹಳೇ ಕಾರು ತಳ್ಳಿದರು."
ದನಿಯಲ್ಲಿ ಕಹಿಯಿರಲಿಲ್ಲ,
ನಾಳೆ ಮೋಡ ಇರಬಹುದು ಅನ್ನುವಷ್ಟೇ.

"ಬಸ್ಸು" ಅಂದೆ.
"ಕಾಯುವುದಿಲ್ಲ ಅಂದಿದ್ದೆಯಲ್ಲ."
"ಎಲ್ಲರಿಗೂ ಹಾಗೇ ಅನ್ನುತ್ತೇನೆ."

ನನ್ನ ತೋಳು ಹಿಡಿದು ಹತ್ತಿದರು.
ಪ್ರತಿ ತಿರುವಿನಲ್ಲೂ ಏದುಸಿರಿನ ನೆಪ,
ಪ್ರತಿ ತಿರುವಿನಲ್ಲೂ ಇಬ್ಬರೂ ತಿರುಗಿ ನೋಡಿದೆವು.
ಪೊದೆಗಳೊಳಗೆ ದೀಪ ಹತ್ತಿತ್ತು.
ಕೆಂಪು ಮೊದಲು ಕಪ್ಪಾಯಿತು, ನೀಲಿ ಆಮೇಲೆ,
ಬಿಳಿ ಹೂ ಮಾತ್ರ ಇನ್ನೂ ಹಗಲನ್ನು ಬಿಟ್ಟುಕೊಟ್ಟಿರಲಿಲ್ಲ.
ಯಾರ ಬೆನ್ನೂ ಅಡ್ಡವಿರಲಿಲ್ಲ.

ಬಸ್ಸಿನಲ್ಲಿ ಕೆಲವರು ಚಪ್ಪಾಳೆ ಹೊಡೆದರು, ಕೆಲವರು ಗಡಿಯಾರ ತೋರಿಸಿದರು.
ನಲವತ್ತೇಳು, ಅಂದೆ, ಗಟ್ಟಿಯಾಗಿ.

ಮರುದಿನ ಬೇರೆ ಹಡಗು, ಅದೇ ಮೈಕು.
"ಇಲ್ಲಿ ಒಂದು ಕಾಲಕ್ಕೆ ಸುಣ್ಣಕಲ್ಲು ತೆಗೆಯುತ್ತಿದ್ದರು" ಎಂದವಳು
ಯಾಕೋ ಸೇರಿಸಿದೆ:
"ತೆಗೆದವರಲ್ಲಿ ಒಬ್ಬ ಎಡಗೈಯವನು."
ಯಾರೂ ನಗಲಿಲ್ಲ.
ಹಿಂದಿನ ಸೀಟಿನಿಂದ ಒಬ್ಬರು ಕೇಳಿದರು,
ವಾಪಸ್ಸು ಎಷ್ಟು ಹೊತ್ತಿಗೆ?