ಎರಡು ಕೋನ

ದುರ್ಗದ ಹೊರಗೆ, ಸರ್ಕಾರಿ ಪ್ರೌಢಶಾಲೆ,
ಹತ್ತನೇ ಬಿ, ಮೂರನೇ ಪೀರಿಯಡ್ಡು.
ಬೋರ್ಡಿನ ಮೇಲೆ ಒಂದು ಗೋಪುರ,
ಬುಡದಿಂದ ಮೂವತ್ತು ಮೀಟರ್ ಆಚೆ
ಕಡ್ಡಿಯಂಥ ಒಬ್ಬ ವೀಕ್ಷಕ.
"ಕೋಟೇದಾ ಸಾರ್, ಗೋಪುರ?" ಅಂದ ತಿಪ್ಪೇಶ.
ನಾವು ನಕ್ಕೆವು. ಓಬಳೇಶಪ್ಪ ಮೇಷ್ಟ್ರು ನಗಲಿಲ್ಲ,
ಚಾಕ್‌ಪೀಸು ಜೇಬಿಗೆ ಹಾಕಿ, "ಏಳ್ರಿ ಎಲ್ಲ" ಅಂದರು.

ಕಕ್ಕಸಿನ ಹಿಂದೆ, ಜಾಲಿ ಬೇಲಿಯ ಸಂದಿನಲ್ಲಿ
ಗುಡ್ಡದ ನೆತ್ತಿಯ ಗಾಳಿಕಂಬ.
ದಿನಾ ಪ್ರಾರ್ಥನೆಗೆ ನಿಂತಾಗ ನೋಡಿದ್ದೆವು,
ನೋಡಿರಲಿಲ್ಲ.

ಕೋನಮಾಪಕಕ್ಕೆ ದಾರ, ದಾರಕ್ಕೆ ಸೈಕಲ್ಲಿನ ನಟ್ಟು,
ರೀಫಿಲ್ ಕಿತ್ತ ಪೆನ್ನಿನ ಕೊಳವೆಗೆ ಕಣ್ಣು.
ಬೋರಮ್ಮನಿಗೆ ಒಂದೇ ಕಣ್ಣು ಮುಚ್ಚಲು ಬಾರದು,
ಜಡೆ ಅಡ್ಡ ಹಿಡಿದಳು.
ಹದಿನೆಂಟು, ಇಪ್ಪತ್ತೊಂದು, ಹದಿನಾಲ್ಕು...
ಗಾಳಿ ದಾರವನ್ನು ಸುಮ್ಮನೆ ಬಿಡಲಿಲ್ಲ.

"ಈಗ ಬುಡಕ್ಕೆ ಎಷ್ಟು ದೂರ?"
"ಬುಡಕ್ಕೆ ಬಿಡಲ್ಲ ಸಾರ್," ಅಂದ ತಿಪ್ಪೇಶ.
"ತಂತಿ ಐತೆ. ನಮ್ಮಪ್ಪನೇ ವಾಚ್‌ಮನ್.
ನನಗೂ ಬಿಡಲ್ಲ."

ಒಂದು ಗಳಿಗೆ ಬರೀ ಗಾಳಿ.
ಮೇಷ್ಟ್ರು ಚಪ್ಪಲಿಯಲ್ಲೇ ಮಣ್ಣಿಗೆ ಗೆರೆ ಎಳೆದರು.
"ಬಿಡದಿದ್ದರೆ ಬೇಡ. ಇಲ್ಲೊಂದು ಕೋನ ನೋಡು.
ಐವತ್ತು ಹೆಜ್ಜೆ ಹಿಂದಕ್ಕೆ ಹೋಗು, ಅಲ್ಲೊಂದು.
ಎರಡು ಸಿಕ್ಕರೆ ಬುಡದ ಹಂಗಿಲ್ಲ."

ತಿಪ್ಪೇಶ ಎಣಿಸುತ್ತ ಹಿಮ್ಮುಖವಾಗಿ ನಡೆದ,
ಕಂಬದಿಂದ ಕಣ್ಣು ಕೀಳದೆ,
ಬಿಸಿಯೂಟದ ತಪ್ಪಲೆಗೆ ಎಡವಿ, ನೀರಿನ ತೊಟ್ಟಿ ದಾಟಿ.
ನಲವತ್ತೊಂಬತ್ತಕ್ಕೆ ಬೆಲ್ಲು ಹೊಡೆಯಿತು.

ನನ್ನ ನೋಟ್‌ಬುಕ್ಕಿನಲ್ಲಿ ಲೆಕ್ಕ ಅರ್ಧಕ್ಕೇ ನಿಂತಿದೆ,
ಅಂಚಿಗೆ ಮೇಷ್ಟ್ರ ಕೆಂಪು ಶಾಯಿ: ಉತ್ತರ ಎಲ್ಲಿ?

ನಾಲ್ಕನೇ ಪೀರಿಯಡ್ಡು ಸಮಾಜ.
ಕಿಟಕಿಯಾಚೆ ಅವನಿನ್ನೂ ಅಲ್ಲೇ ಇದ್ದ,
ಒಂದು ಕಾಲು ಎತ್ತಿಕೊಂಡು.